ಅಜ್ಜಿಯ ಬೆರಳು ಆರಿಸಿದ ಅಚ್ಚು

ಬಾಸ್ಟನ್ ಪಕ್ಕದ ಸಣ್ಣ ಊರಿನಲ್ಲಿ ನಾವು ಆರು ಮನೆಯವರಿದ್ದೇವೆ. ಎಲ್ಲರೂ ಕಾಸರಗೋಡು ಗಡಿಯ ಆಚೀಚೆ, ಬದಿಯಡ್ಕ, ಪೆರ್ಲ, ಪುತ್ತೂರು ಕಡೆಯವರು. ಚಳಿಗಾಲ ಶುರುವಾದರೆ ಶನಿವಾರ ರಾತ್ರಿ ಯಾರದಾದರೂ ಮನೆಯಲ್ಲಿ ಇಸ್ಪೀಟು ಇದ್ದೇ ಇದೆ. ಮೊದಲು ಇಪ್ಪತ್ತೆಂಟು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು, ಒಟ್ಟು 28. ನಮ್ಮ ಕಡೆ ಮದುವೆ ಮನೆಯ ಜಗಲಿಯಲ್ಲಿ ಆಡುವುದು ಇದನ್ನೇ, ಅಲ್ವಾ? ಮಕ್ಕಳು ಮಲಗಿದ ಮೇಲೆ ಪಣ ಕಟ್ಟಿ ಆಡುವ ಪೋಕರ್. ನಾವು ದುಡ್ಡು ಕಟ್ಟುವುದಿಲ್ಲ. ಲೆಕ್ಕಕ್ಕೆ ಬಿಲ್ಲೆಗಳು ಬೇಕು, ಅಷ್ಟೆ.

ಅಂಗಡಿಯಲ್ಲಿ ಸಿಗುವ ಬಿಲ್ಲೆ ಪ್ಲಾಸ್ಟಿಕ್ಕಿನದ್ದು. ಭಾರ ಬರಲಿ ಎಂದು ಒಳಗೆ ಲೋಹದ ತುಂಡು ಇಟ್ಟಿರುತ್ತಾರೆ. 11.5 ಗ್ರಾಂ, 13.5 ಗ್ರಾಂ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಒಂದು ಸಲ ಗೆಳೆಯನೊಬ್ಬ ಕ್ಲೇ ಚಿಪ್, ಅಂದರೆ ಮಣ್ಣಿನ ಬಿಲ್ಲೆ ತಂದ. 39 ಮಿಲಿಮೀಟರ್ ಅಗಲ, ತೂಕ ಹತ್ತು ಗ್ರಾಂ ಕೂಡ ಇಲ್ಲ. ಮುಟ್ಟಿದರೆ ಒಣಗಿದ ಹಂಚಿನ ತುಂಡು ಮುಟ್ಟಿದ ಹಾಗೆ, ಸ್ವಲ್ಪ ಒರಟು, ಬೆರಳಿನಿಂದ ಜಾರುವುದಿಲ್ಲ. ಒಂದರ ಮೇಲೊಂದು ಇಟ್ಟರೆ ಶಬ್ದವೂ ಮೆತ್ತಗೆ. ಆ ರಾತ್ರಿಯೇ ತೀರ್ಮಾನ ಮಾಡಿದೆ. ನಮ್ಮ ಕೂಟಕ್ಕೆ ನಮ್ಮದೇ 300 ಬಿಲ್ಲೆ ಮಾಡಿಸಬೇಕು, ಅದರ ಮೇಲೆ ಕನ್ನಡ ಇರಬೇಕು.

ಒಂದೊಂದು ಬಿಲ್ಲೆಗೂ ಒಂದು ಮಸಾಲೆ ದೋಸೆಗಿಂತ ಜಾಸ್ತಿ ಖರ್ಚು. ಅದಕ್ಕೇ ಇಷ್ಟು ಯೋಚನೆ ಮಾಡಿದ್ದು.

ಮಾಡುವ ಕ್ರಮ ಹೀಗೆ. ಹೆಸರಿಗೆ ಮಣ್ಣು ಎಂದರೂ ಅದು ಬರೀ ಮಣ್ಣಲ್ಲ. ಬರೀ ಮಣ್ಣಾದರೆ ನೆಲಕ್ಕೆ ಬಿದ್ದ ಕೂಡಲೇ ಒಡೆಯುತ್ತದೆ. ಬೇರೆ ಪುಡಿ, ಅಂಟು ಸೇರಿಸಿ ಬಣ್ಣ ಬಣ್ಣದ ಹಾಳೆ ಮಾಡುತ್ತಾರೆ. ಅದರಿಂದ ಬಿಲ್ಲೆ ಕತ್ತರಿಸಿ, ಅಂಚನ್ನು ಅಲ್ಲಲ್ಲಿ ಕೊರೆದು, ಆ ಜಾಗಕ್ಕೆ ಬೇರೆ ಬಣ್ಣದ ತುಂಡು ಕೂರಿಸುತ್ತಾರೆ. ನಡುವೆ ಎರಡೂ ಬದಿಗೆ ಮುದ್ರಿಸಿದ ಕಾಗದದ ಚಿತ್ರ. ಆಮೇಲೆ ಎಲ್ಲವನ್ನೂ ಲೋಹದ ಅಚ್ಚಿನೊಳಗೆ ಇಟ್ಟು ಬಿಸಿಯಲ್ಲಿ ಒತ್ತುತ್ತಾರೆ. ಚಿತ್ರಕ್ಕೂ ಅಂಚಿಗೂ ನಡುವೆ ಸುತ್ತಲೂ ಉಬ್ಬು ತಗ್ಗಿನ ಒಂದು ಪಟ್ಟಿ ಮೂಡುತ್ತದೆ. ಅಚ್ಚಿನ ವಿನ್ಯಾಸ ಎನ್ನುವುದು ಈ ಪಟ್ಟಿಯನ್ನೇ.

ನನಗೆ ಯಕ್ಷಗಾನದ ಕಿರೀಟದ ಅಚ್ಚು ಬೇಕಿತ್ತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವನಿಗೆ ಇನ್ನೇನು ಹೊಳೆಯಬೇಕು? ವಿಚಾರಿಸಿದೆ. ಹೊಸ ಅಚ್ಚು ಕೊರೆಸಲು ಬರುವ ಖರ್ಚು 300 ಬಿಲ್ಲೆಯ ಆಸೆಗೆ ಹೊಂದುವಂತಿರಲಿಲ್ಲ. ಇರುವ ಅಚ್ಚುಗಳಲ್ಲೇ ಒಂದನ್ನು ಆರಿಸಬೇಕು. ಕುದುರೆ ತಲೆ, ಕಿರೀಟ, ಬಳ್ಳಿ ಸುರುಳಿ, ಫ್ಲರ್ ಡಿ ಲಿ ಎನ್ನುವ ಹೂವು, ಗ್ರೀಕ್ ಕೀ ಎನ್ನುವ ಮಡಚು ಗೆರೆ, ಹೀಗೆ ಹಲವು. ಅಮೆರಿಕದ ಕ್ಯಾಸಿನೋಗಳಲ್ಲಿ ಜಾಸ್ತಿ ಕಾಣುವ ಪಾಲ್ಸನ್ ಕಂಪನಿಯ ಟೋಪಿ ಮತ್ತು ಬೆತ್ತದ ಅಚ್ಚು ನಮ್ಮಂಥವರಿಗೆ ಸಿಗುವುದಿಲ್ಲ. ಅದು ಕ್ಯಾಸಿನೋಗಳಿಗೇ ಮೀಸಲು.

ಅಲ್ಲಿದ್ದ ಕಿರೀಟ ರಾಜರಾಣಿಯರ ಇಸ್ಪೀಟಿನ ಕಿರೀಟ. ಅದು ನಮ್ಮದಲ್ಲ. ಮನಸ್ಸು ಬರಲಿಲ್ಲ.

ಆಟಿ ತಿಂಗಳಲ್ಲಿ ಊರಿಗೆ ಹೋಗುವಾಗ ಐದು ಬಗೆಯ ಸ್ಯಾಂಪಲ್ ಜೊತೆಗೆ ಒಯ್ದೆ. ಹೊರಗೆ ಒಂದೇ ಸಮನೆ ಮಳೆ. ಮೊದಲು ನೋಡಿದ್ದು ದೊಡ್ಡಪ್ಪ. ಅವರು ಕೆಲವು ವರ್ಷ ಹಾಳೆ ತಟ್ಟೆಯ ಮೆಷಿನ್ ಇಟ್ಟಿದ್ದವರು. ಅಡಿಕೆ ಹಾಳೆಯನ್ನು ತೊಳೆದು, ಹದಕ್ಕೆ ಒದ್ದೆ ಇರುವಾಗ ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವುದು. ಬಾಸ್ಟನ್ನಿನಲ್ಲಿ ನಾನು ವಾರಗಟ್ಟಲೆ ಓದಿ ತಿಳಿದದ್ದು ಅವರಿಗೆ ಒಂದು ನಿಮಿಷಕ್ಕೆ ಅರ್ಥವಾಯಿತು.

"ಇದೂ ನಮ್ಮ ತಟ್ಟೆಯ ಹಾಗೇ ಮಾರಾಯ," ಎಂದರು. ಕುದುರೆ ತಲೆಯ ಬಿಲ್ಲೆಯನ್ನು ಬೆಳಕಿಗೆ ಹಿಡಿದರು. "ಸಣ್ಣ ಸಣ್ಣ ಕೆತ್ತನೆ ಜಾಸ್ತಿ ಇದ್ದರೆ ಕೈ ತಾಗಿ ತಾಗಿ ಬೇಗ ಮಾಸ್ತದೆ. ಈಗ ಕುದುರೆ, ಹತ್ತು ವರ್ಷ ಆದ ಮೇಲೆ ಎಂತ ಅಂತ ಗೊತ್ತಾಗ್ಲಿಕ್ಕಿಲ್ಲ. ನೇರ ಗೆರೆ ಇರುವುದು ತಗೋ."

ಅಜ್ಜಿ ಜಗಲಿಯ ಮೂಲೆಯಲ್ಲಿ ಕೂತಿದ್ದರು. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಚೆನ್ನೆಮಣೆಯನ್ನು ಮಾತ್ರ ಬಿಟ್ಟಿಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಕಣ್ಣು ಮುಚ್ಚಿಯೇ ಎಣಿಸಿ ಹಂಚುತ್ತಾರೆ. ಐದೂ ಬಿಲ್ಲೆಗಳನ್ನು ಅವರ ಮಡಿಲಿಗೆ ಹಾಕಿದೆ. ಒಂದೊಂದನ್ನೇ ಹೆಬ್ಬೆರಳಿನಿಂದ ಸುತ್ತ ಸವರಿದರು. ಹೂವನ್ನು ಬಳ್ಳಿ ಎಂದರು, ಬಳ್ಳಿಯನ್ನು ಕುದುರೆ ಎಂದರು. ಗ್ರೀಕ್ ಕೀ ಕೈಗೆ ಬಂದಾಗ ಬೆರಳು ನಿಂತಿತು.

"ಇದು ಚಾಪೆಯ ಅಂಚು ಮಗಾ. ಮಡಚಿ ಮಡಚಿ ಹೋಗಿ ಪುನಃ ಶುರುವಿಗೇ ಬರ್ತದೆ."

ಎಲ್ಲವನ್ನೂ ಬೆರೆಸಿ ಮತ್ತೆ ಕೊಟ್ಟೆ. ಮೂರು ಸಲವೂ ಅದನ್ನೇ ಮೊದಲು ಹೆಕ್ಕಿ ಕೊಟ್ಟರು. ಅಲ್ಲಿಯವರೆಗೆ ನಾನು ಅಚ್ಚನ್ನು ಕಂಪ್ಯೂಟರ್ ಪರದೆಯಲ್ಲಿ ದೊಡ್ಡದು ಮಾಡಿ ನೋಡಿ ಆರಿಸುತ್ತಿದ್ದೆ. ಆಟಕ್ಕೆ ಕೂತಾಗ ಬಿಲ್ಲೆಯನ್ನು ಯಾರೂ ಹಾಗೆ ನೋಡುವುದಿಲ್ಲ. ಕಣ್ಣು ಎಲೆಯ ಮೇಲೆ, ಎದುರಿನವರ ಮುಖದ ಮೇಲೆ. ಬಿಲ್ಲೆ ಸುಮ್ನೆ ಬೆರಳಲ್ಲಿ ತಿರುಗುತ್ತಾ ಇರುತ್ತದೆ.

ಆದರೆ ಒಂದು ತೊಡಕು ಇತ್ತು. ಅಚ್ಚಿನ ಪಟ್ಟಿ ಅಗಲವಾದಷ್ಟೂ ನಡುವಿನ ಚಿತ್ರಕ್ಕೆ ಜಾಗ ಕಡಿಮೆ. ನಾನು ಬರೆಸಿದ್ದ ಚಿತ್ರದಲ್ಲಿ ಕಿರೀಟ, ಅದರ ಕೆಳಗೆ ಚಂದ್ರಗಿರಿ ಹೊಳೆ, ಕೂಟದ ಹೆಸರು, ಕನ್ನಡ ಅಂಕಿ ಎಲ್ಲವೂ ಇದ್ದವು. ಅಷ್ಟನ್ನೂ ತುಂಬಿದರೆ ಅಂಕಿ ಇರುವೆಯಷ್ಟಾಗುತ್ತಿತ್ತು. ಎರಡು ದಿನ ಅದನ್ನೇ ಹಿಡಿದು ಕೂತೆ. ಕೊನೆಗೆ ಕಿರೀಟವನ್ನೂ ಹೊಳೆಯನ್ನೂ ತೆಗೆದೆ. ಹೆಸರನ್ನೂ ತೆಗೆದೆ. ಬಿಳಿ ಹಿನ್ನೆಲೆಯ ಮೇಲೆ ಕಪ್ಪಗೆ ಒಂದೇ ಅಂಕಿ ಉಳಿಯಿತು: ೧, ೫, ೨೫.

ಅಂಕಿಯನ್ನು ಮಾತ್ರ ಬಿಡುವ ಹಾಗಿರಲಿಲ್ಲ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ ಹುಟ್ಟಿದ ನಮಗೆ ಬಸ್ಸಿನ ಬೋರ್ಡಿನಲ್ಲಿ, ಕಚೇರಿಯ ಅರ್ಜಿಯಲ್ಲಿ ಕನ್ನಡ ಕಂಡರೆ ಆಗುವ ಖುಷಿ ಎಷ್ಟು ಎಂದು ಗಡಿಯಲ್ಲಿ ಬೆಳೆದವರಿಗೆ ಗೊತ್ತು. ಈಗ ಅಷ್ಟು ದೂರದಲ್ಲಿ ನನ್ನ ಏಳು ವರ್ಷದ ಮಗಳು ೫ ಅನ್ನು ಗುರುತಿಸುವುದು ಈ ಬಿಲ್ಲೆಯ ಚಿತ್ರ ನೋಡಿಯೇ.

ಬಣ್ಣ ಆರಿಸುವುದಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಒಂದಕ್ಕೆ ಹಣ್ಣಡಿಕೆಯ ಕಿತ್ತಳೆ, ಐದಕ್ಕೆ ವೀಳ್ಯದೆಲೆ ಹಸಿರು, ಇಪ್ಪತ್ತೈದಕ್ಕೆ ಕುಂಕುಮ ಕೆಂಪು. ಅಂಚಿನ ತುಂಡುಗಳನ್ನು ಕಡಿಮೆ ಇಟ್ಟೆ. ಗೆರೆಯ ಅಚ್ಚಿನ ಪಕ್ಕ ತುಂಡುಗಳೂ ಜಾಸ್ತಿಯಾದರೆ ಕಣ್ಣಿಗೆ ಗಲಿಬಿಲಿ.

ಆರ್ಡರ್ ಕೊಟ್ಟಿದ್ದೇನೆ, ಬರಲು ಕೆಲವು ತಿಂಗಳು ಬೇಕು. ಗ್ರೀಕ್ ಕೀ ಸ್ಯಾಂಪಲ್ ವಾಪಸ್ ತರಲಿಲ್ಲ, ಅಜ್ಜಿ ತಮ್ಮ ಎಲೆ ಅಡಿಕೆ ಪೆಟ್ಟಿಗೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದಾರೆ. ಕಳೆದ ಭಾನುವಾರ ಫೋನ್ ಮಾಡಿದಾಗ ಹೇಗಿದ್ದೀಯ ಎಂದು ಕೇಳುವ ಮೊದಲೇ ಕೇಳಿದರು, "ಬಾಕಿದ್ದು ಬಂತಾ ಮಗಾ?"