ಕಿವಿಯಲ್ಲಿ ಬದುಕಿದ ಡಾಕ್ಟರ್

ರಾತ್ರಿ ಮತ್ತೆ ‘ದ ಚೈಮ್ಸ್ ಆಫ್ ಮಿಡ್‌ನೈಟ್’ ಧ್ವನಿನಾಟಕ ಕೇಳಿದೆ. ‘ಡಾಕ್ಟರ್ ಹೂ’ ಎಂಬ ಬಿಬಿಸಿಯ ಕಾಲಪ್ರಯಾಣದ ಟಿವಿ ಸರಣಿಯಲ್ಲಿ ನಾಯಕ ‘ಡಾಕ್ಟರ್’ ಪಾತ್ರವನ್ನು ಎಂಟನೆಯವರಾಗಿ ಮಾಡಿದ ನಟ ಪಾಲ್ ಮೆಕ್‌ಗ್ಯಾನ್‌ಗೆ 1996ರಲ್ಲಿ ದಕ್ಕಿದ್ದು ಒಂದೇ ಒಂದು ಟಿವಿ ಚಿತ್ರ. ಪಾತ್ರ ಉಸಿರಾಡಿದ್ದು ಆಮೇಲೆ, ಬಿಬಿಸಿಯ ಕಾದಂಬರಿಗಳಲ್ಲಿ ಮತ್ತು 2001ರಿಂದ ಬಿಗ್ ಫಿನಿಶ್ ಸಂಸ್ಥೆ ತಂದ ಧ್ವನಿನಾಟಕಗಳಲ್ಲಿ. ಆ ನಾಟಕಗಳಲ್ಲಿ, 1930ರ ಆರ್101 ವಾಯುನೌಕೆ ದುರಂತದಲ್ಲಿ ಸಾಯಬೇಕಿದ್ದ ಚಾರ್ಲಿ ಎಂಬ ಹುಡುಗಿಯನ್ನು ಡಾಕ್ಟರ್ ಉಳಿಸುತ್ತಾನೆ; ಅಲ್ಲಿಂದ ಕಾಲವೇ ಹರಿದುಕೊಳ್ಳುತ್ತದೆ.

ರಾತ್ರಿ ಕೇಳಿದ ಈ ನಾಟಕದಲ್ಲಿ ಕತ್ತಲ ಮನೆ, ಗಡಿಯಾರದ ಸದ್ದು, ಮತ್ತೆ ಮತ್ತೆ ಸಾಯುವ ಕೆಲಸದ ಹುಡುಗಿ ಈಡಿತ್. ತಾನು ಯಾರೂ ಅಲ್ಲವೆಂದು ಅವಳು ಹೇಳುವಾಗ ಎದೆ ಹಿಂಡುತ್ತದೆ.

ಪುಸ್ತಕದಲ್ಲಿ ಗೊಂದಲವಾದರೆ ಪುಟ ಹಿಂದಕ್ಕೆ ತಿರುಗಿಸಬಹುದು. ಕೇಳುವಾಗ ನಾವೂ ಆ ಗಂಟೆಯೊಳಗೇ ಸಿಲುಕಿರುತ್ತೇವೆ. ಕಾಲಪ್ರಯಾಣದ ಕಥೆಗೆ ನನ್ನ ಮತ ಧ್ವನಿಗೇ.