ಎಲೆನ್ ಯಾಕೆ ಅತ್ತಳು

ಮಕ್ಕಳನ್ನು ಶಾಲೆಗೆ ಬಿಟ್ಟು ಗಂಡ ಹೆಂಡತಿ ಇಬ್ಬರೇ ಹಾಡಹಗಲಲ್ಲಿ ಸಿನಿಮಾಕ್ಕೆ ಹೋಗುವುದು ನಮ್ಮ ಮನೆಯಲ್ಲಿ ಅಪರೂಪ. ಆ ಮಂಗಳವಾರ ಇವರಿಗೆ ಆಫೀಸಿನಲ್ಲಿ ಉಳಿದುಕೊಂಡಿದ್ದ ರಜೆಯೊಂದನ್ನು ತೆಗೆದುಕೊಳ್ಳಲೇಬೇಕಿತ್ತು. ಪ್ಯಾರಿಸ್‌ನ ಲ್ಯಾಟಿನ್ ಕ್ವಾರ್ಟರ್‌ನಲ್ಲಿ, ಸೊರ್ಬಾನ್ ವಿಶ್ವವಿದ್ಯಾಲಯದ ಪಕ್ಕದ ಶಾಂಪೊಲಿಯೋ ಬೀದಿಯಲ್ಲಿ, ಹಳೆಯ ಚಿತ್ರಗಳನ್ನು ಹಾಕುವ ಪುಟ್ಟ ಚಿತ್ರಮಂದಿರಗಳಿವೆ. ಅಲ್ಲೊಂದರಲ್ಲಿ ಫ್ರೆಂಚ್ ನಿರ್ದೇಶಕ ಎರಿಕ್ ರೊಮೇರ್‌ನ 1972ರ ಚಿತ್ರ ‘ಲಾಮೂರ್ ಲಾಪ್ರೆಮಿದಿ’, ಅಂದರೆ ಮಧ್ಯಾಹ್ನದ ಪ್ರೇಮ, ನಡೆಯುತ್ತಿತ್ತು. ಆರಿಸಿದ್ದು ನಾನೇ. ಕಥೆ ಏನು ಅಂತ ಇವರು ಕೇಳಿದರು. “ಮದುವೆಯಾದವನೊಬ್ಬ ಇನ್ನೊಬ್ಬಳ ಹತ್ತಿರ ಹೋಗ್ತಾನೋ ಇಲ್ಲವೋ ಅನ್ನೋದು” ಅಂದೆ. ಅಷ್ಟೇ ಗೊತ್ತಿದ್ದು ಒಳಗೆ ಹೋದೆವು.

ಕಥೆಯೂ ಅಷ್ಟೇ. ಫ್ರೆದೆರಿಕ್ ಪ್ಯಾರಿಸ್‌ನ ಹೊರವಲಯದಲ್ಲಿ ಮನೆ ಮಾಡಿಕೊಂಡಿರುವವನು. ಹೆಂಡತಿ ಎಲೆನ್ ಇಂಗ್ಲಿಷ್ ಅಧ್ಯಾಪಕಿ. ಒಂದು ಮಗುವಿದೆ, ಇನ್ನೊಂದು ಹುಟ್ಟಲಿದೆ. ಅವನು ದಿನಾ ರೈಲಿನಲ್ಲಿ ಪುಸ್ತಕ ಓದುತ್ತಾ ನಗರಕ್ಕೆ ಬಂದು ತನ್ನ ಸಣ್ಣ ಕಚೇರಿ ನಡೆಸುತ್ತಾನೆ. ಎಲ್ಲರೂ ಊಟ ಮಾಡಿ ಬಂದಮೇಲೆ ಇವನು ಹೊರಗೆ ಬೀಳುತ್ತಾನೆ, ಬೀದಿಯಲ್ಲಿ ಓಡಾಡುವ ಹೆಂಗಸರನ್ನು ನೋಡುತ್ತಾ ಅಲೆಯುತ್ತಾನೆ. ಮದುವೆಯಾದ ಮೇಲೆ ತನಗೆ ಎಲ್ಲ ಹೆಂಗಸರೂ ಚೆಲುವೆಯರಾಗಿ ಕಾಣುತ್ತಿದ್ದಾರೆ ಎಂದು ನಮ್ಮ ಕಿವಿಯಲ್ಲಿ ಹೇಳಿಕೊಳ್ಳುತ್ತಾನೆ. ಒಂದು ಕನಸಿನ ದೃಶ್ಯದಲ್ಲಿ ಅವನ ಕೊರಳಲ್ಲಿ ತಾಯಿತದಂಥದ್ದೊಂದು ಇರುತ್ತದೆ. ಅದರ ಬಲದಿಂದ ದಾರಿಯಲ್ಲಿ ಸಿಕ್ಕವರು ಒಬ್ಬೊಬ್ಬರಾಗಿ ಅವನ ಮಾತಿಗೆ ಒಪ್ಪುತ್ತಾರೆ, ಕೊನೆಯವಳು ಮಾತ್ರ ಒಪ್ಪುವುದಿಲ್ಲ. ರೊಮೇರ್ ಅಲ್ಲಿ ತನ್ನ ಹಿಂದಿನ ಚಿತ್ರಗಳ ನಟಿಯರನ್ನೇ ಕರೆತಂದಿದ್ದಾನೆ. ಈ ಚಿತ್ರ ಅವನ ‘ಆರು ನೈತಿಕ ಕಥೆಗಳು’ ಮಾಲೆಯ ಕೊನೆಯದು. ಆರರಲ್ಲೂ ಹೆಚ್ಚುಕಡಿಮೆ ಒಂದೇ ಎಳೆ: ಒಬ್ಬಳಿಗೆ ಮನಸ್ಸು ಕೊಟ್ಟವನ ಎದುರು ಇನ್ನೊಬ್ಬಳು ಬರುತ್ತಾಳೆ, ಅವನು ಅಳೆದು ಸುರಿದು ಹಿಂದಿರುಗುತ್ತಾನೆ.

ಇಲ್ಲಿ ಬರುವವಳು ಕ್ಲೋಯೆ, ಹಳೆಯ ಗೆಳೆಯನೊಬ್ಬನ ಮಾಜಿ ಪ್ರೇಯಸಿ. ಒಂದು ದಿನ ಹೇಳದೆ ಕೇಳದೆ ಕಚೇರಿಗೆ ಬಂದು ಕೂರುತ್ತಾಳೆ. ಜೂಜೂ ಎಂಬ ಹೆಸರಿನ ನಟಿ ಆ ಪಾತ್ರವನ್ನು ಎಷ್ಟು ಸಲೀಸಾಗಿ ಮಾಡಿದ್ದಾಳೆಂದರೆ, ಅವಳನ್ನು ಮೋಹಿನಿ ಎಂದು ಬದಿಗೆ ಸರಿಸಲು ಆಗುವುದೇ ಇಲ್ಲ. ಅವಳ ಕೈಯಲ್ಲಿ ಯಾವ ಕೆಲಸವೂ ಉಳಿಯುವುದಿಲ್ಲ, ಯಾವ ಮನೆಯೂ ಉಳಿಯುವುದಿಲ್ಲ, ದಣಿದಿದ್ದಾಳೆ. ಅವನನ್ನು ಬೇಕೆನ್ನುತ್ತಾಳೆ, ಅವನಿಂದ ಮಗು ಬೇಕೆನ್ನುತ್ತಾಳೆ, ಮುಚ್ಚಿಟ್ಟು ಮಾತಾಡುವುದು ಅವಳಿಗೆ ಬರುವುದಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲೇ ಇಲ್ಲ.

ಇವರಿಬ್ಬರೂ ಮಧ್ಯಾಹ್ನಗಳಲ್ಲಿ ಮಾಡುವುದಾದರೂ ಏನು? ಮಾತು. ಬರೀ ಮಾತು. ಎಲೆನ್ ಎದುರು ಫ್ರೆದೆರಿಕ್ ಸಭ್ಯ, ಮೃದು, ಕಾಳಜಿಯ ಗಂಡ. ಜಗಳವಿಲ್ಲ, ಕೊರತೆಯಿಲ್ಲ. ಆದರೆ ತನಗೆ ಏನು ಭಯ, ಏನು ಬೇಸರ ಅನ್ನುವುದನ್ನು ಅವನು ಹೇಳಿಕೊಳ್ಳುವುದು ಕ್ಲೋಯೆಗೆ. ಹಾಸಿಗೆಯ ತನಕ ಹೋಗದಿದ್ದರೆ ನಿಷ್ಠೆ ಉಳಿಯಿತು ಎಂಬ ಲೆಕ್ಕವನ್ನು ಅವನು ತನಗೆ ತಾನೇ ಕೊಡುತ್ತಿರುವಾಗ, ಮನೆಗೆ ಸೇರಬೇಕಾದದ್ದು ಬೇರೆಲ್ಲೋ ಖರ್ಚಾಗುತ್ತಿರುತ್ತದೆ. ಚಿತ್ರದಲ್ಲಿ ನನ್ನನ್ನು ಅಲ್ಲಾಡಿಸಿದ್ದು ಇದೇ. ಕತ್ತಲಲ್ಲಿ ಪಕ್ಕಕ್ಕೆ ತಿರುಗಿ ಇವರ ಮುಖ ನೋಡಿದೆ. ಇವರು ನೆಟ್ಟ ಕಣ್ಣಿನಿಂದ ಪರದೆ ನೋಡುತ್ತಿದ್ದರು.

ಕೊನೆಯ ಮಧ್ಯಾಹ್ನ ಕ್ಲೋಯೆಯ ಕೋಣೆಯಲ್ಲಿ. ಅವಳು ಸ್ನಾನ ಮುಗಿಸುತ್ತಾಳೆ, ಅವನೇ ಅವಳ ಮೈ ಒರೆಸುತ್ತಾನೆ, ಅವಳು ಹೋಗಿ ಹಾಸಿಗೆಯ ಮೇಲೆ ಮಲಗಿ ಕಾಯುತ್ತಾಳೆ. ಅವನು ಕತ್ತು ಮುಚ್ಚುವ ಸ್ವೆಟರನ್ನು ತಲೆಯ ಮೇಲಿಂದ ಎಳೆಯಲು ಹೋದಾಗ ಅದು ಮುಖದ ಸುತ್ತ ನಿಲ್ಲುತ್ತದೆ. ಕನ್ನಡಿಯಲ್ಲಿ ತನ್ನ ಮುಖ ಕಾಣುತ್ತದೆ. ಹಿಂದೊಮ್ಮೆ ಮನೆಯಲ್ಲಿ ಮಗುವನ್ನು ನಗಿಸಲು ಹೀಗೇ ಸ್ವೆಟರನ್ನು ತಲೆಗೆ ಸುತ್ತಿಕೊಂಡು ಕುಣಿದಿದ್ದ. ಅದನ್ನು ನಾವೂ ನೋಡಿದ್ದೆವು, ನೋಡಿ ಮರೆತಿದ್ದೆವು. ಅವನು ಸ್ವೆಟರನ್ನು ಕೆಳಗೆಳೆದು, ಸದ್ದಾಗದಂತೆ ಹೊರಬಿದ್ದು, ಮೆಟ್ಟಿಲು ಇಳಿದು ಓಡುತ್ತಾನೆ. ಒಂದು ಮಾತಿಲ್ಲ, ಶಪಥವಿಲ್ಲ. ಹೆದರಿ ಓಡಿದ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತು ತನ್ನ ನಡತೆಗೆ ಒಂದೊಂದು ಕಾರಣ ಪೋಣಿಸುತ್ತಾ ಬಂದವನಿಗೆ ಆ ಗಳಿಗೆಯಲ್ಲಿ ಕಾರಣವೇ ಬೇಕಾಗಲಿಲ್ಲ. ಮನೆಯಲ್ಲಿ ತಾನು ಯಾರು ಅನ್ನುವುದು ಕನ್ನಡಿಯಲ್ಲಿ ಎದುರಿಗೆ ನಿಂತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಗಂಡಸೊಬ್ಬನ ಗೆಲುವಿನ ಕಥೆಯಾಗುತ್ತಿತ್ತು. ಅವನು ಎಂದೂ ಇಲ್ಲದ ಹೊತ್ತಿನಲ್ಲಿ ಮನೆಗೆ ಬರುತ್ತಾನೆ. ಎಲೆನ್‌ಗೆ ಗಾಬರಿ. ಅವನು ತೊದಲುತ್ತಾ ಏನೋ ಹೇಳಲು ನೋಡುತ್ತಾನೆ. ಅವಳು ನಗುತ್ತಾಳೆ, ನಗು ಅಳುವಾಗುತ್ತದೆ. ಯಾಕೆ ಅತ್ತಳೆಂದು ಚಿತ್ರ ಹೇಳುವುದಿಲ್ಲ. ಆ ದಂಪತಿಯ ಪಾತ್ರ ಮಾಡಿದ ಬರ್ನಾರ್ ವೆರ್ಲೆ ಮತ್ತು ಫ್ರಾಂಸ್ವಾಜ್ ವೆರ್ಲೆ ನಿಜ ಜೀವನದಲ್ಲೂ ಗಂಡ ಹೆಂಡತಿ. ಅದು ಗೊತ್ತಾದ ಮೇಲೆ ಆ ಅಳು ಇನ್ನೂ ಹತ್ತಿರದ್ದಾಯಿತು ನನಗೆ.

ಹೊರಗೆ ಬಂದು ಎದುರು ಸಿಕ್ಕ ಕೆಫೆಯಲ್ಲಿ ಕೂತೆವು. ಮಕ್ಕಳ ಶಾಲೆ ಬಿಡುವುದು ನಾಲ್ಕೂವರೆಗೆ. ಅದಕ್ಕೆ ಮುಂಚೆ ಪ್ಯಾರಿಸ್ ಹೊರಗಿನ ನಮ್ಮ ಊರು ಸೇರಬೇಕು.

“ಪಾಪ, ಅವಳಿಗೆ ಎಲ್ಲಾ ಗೊತ್ತಿತ್ತು. ಗಂಡ ವಾಪಸ್ ಬಂದನಲ್ಲ ಅಂತ ಅತ್ತಳು” ಅಂದರು ಇವರು.

“ಅವಳಿಗೂ ಒಂದು ಮಧ್ಯಾಹ್ನ ಇತ್ತು ಅಂತ ನಿಮಗೆ ಅನ್ನಿಸಲಿಲ್ಲವಾ?” ಅಂದೆ.

“ಅಂದ್ರೆ? ಅವಳಿಗೂ ಯಾರಾದರೂ ಇದ್ದರು ಅಂತೀಯಾ?”

“ಇದ್ದರೋ ಇಲ್ಲವೋ ಗೊತ್ತಿಲ್ಲ. ಇವನು ಒಂದು ಸಲವಾದರೂ ಕೇಳಿದನಾ? ಇಡೀ ಹೊತ್ತು ಅವನದೇ ದನಿ. ಅವಳ ದಿನ ಹೇಗೆ ಹೋಗುತ್ತೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.”

ನಾನು ಹಟ ಹಿಡಿಯಲು ಕಾರಣವಿದೆ. ಈ ಚಿತ್ರ ಬಂದ ಕಾಲಕ್ಕೆ ಫ್ರಾನ್ಸ್‌ನಲ್ಲಿ 1810ರ ದಂಡಸಂಹಿತೆ ಇನ್ನೂ ಜಾರಿಯಲ್ಲಿತ್ತು. ಅದರ ಪ್ರಕಾರ ದಾಂಪತ್ಯದ್ರೋಹ ಮಾಡಿದ ಹೆಂಡತಿಗೆ ಮೂರು ತಿಂಗಳಿಂದ ಎರಡು ವರ್ಷದ ಜೈಲು. ಗಂಡನಿಗಾದರೆ, ಇಟ್ಟುಕೊಂಡವಳನ್ನು ಸಂಸಾರದ ಮನೆಯಲ್ಲೇ ತಂದಿರಿಸಿದ್ದರೆ ಮಾತ್ರ ತಪ್ಪು, ಅದಕ್ಕೂ ಬರೀ ದಂಡ. 1975ರ ವಿಚ್ಛೇದನ ಕಾನೂನು ಬಂದಮೇಲೆಯೇ ಅದು ಅಪರಾಧವಲ್ಲದೆ ಹೋದದ್ದು. ನಮ್ಮ ದೇಶದ ದಂಡಸಂಹಿತೆಯ 497ನೇ ಕಲಮಂತೂ ಹೆಂಡತಿಯನ್ನು ಗಂಡನ ಸೊತ್ತು ಎಂಬಂತೆ ನೋಡುತ್ತಾ 2018ರ ತನಕ ಬದುಕಿತ್ತು. ಫ್ರೆದೆರಿಕ್ ತನ್ನ ಮಧ್ಯಾಹ್ನಗಳನ್ನು ಅಷ್ಟು ನಿರಾಳವಾಗಿ ಕಳೆಯುವುದರ ಹಿಂದೆ ಈ ಗಾಳಿಯೂ ಇದೆ. ಅವನಿಗೆ ಪ್ರಲೋಭನೆ ಒಂದು ಚಿಂತನೆಯ ವಿಷಯ, ಎಲೆನ್‌ಗೆ ಅದು ಜೈಲಿನ ವಿಷಯ. ರೊಮೇರ್ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ, ಕೊನೆಯ ನಿಮಿಷಗಳಲ್ಲಿ ಅವಳ ಮುಖವನ್ನು ನಮಗೆ ಬಿಟ್ಟುಕೊಡುತ್ತಾನೆ.

ರೊಮೇರ್‌ನ ಬದುಕೂ ಹಾಗೇ ಎರಡು ಭಾಗವಾಗಿತ್ತು. ನಿಜ ಹೆಸರು ಮೋರಿಸ್ ಶೆರೆರ್. ಮನೆ, ಹೆಂಡತಿ, ಮಕ್ಕಳು ಆ ಹೆಸರಿನವನಿಗೆ, ಸಿನಿಮಾವೆಲ್ಲ ಇನ್ನೊಂದು ಹೆಸರಿನವನಿಗೆ. ಮಗ ಚಿತ್ರ ನಿರ್ದೇಶಕ ಎಂಬುದು ತಾಯಿಗೆ ಕೊನೆಯವರೆಗೂ ತಿಳಿಯಲಿಲ್ಲವಂತೆ, ಮೇಷ್ಟ್ರು ಅಂತಲೇ ನಂಬಿದ್ದರಂತೆ. ಮನೆಗೆ ಕಾಣಿಸದ ಹೊತ್ತುಗಳು ಮನುಷ್ಯನೊಳಗೆ ಹೇಗೆ ಬೆಳೆಯುತ್ತವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿರಬೇಕು.

ಸೇಂಟ್ ಲಜಾರ್ ನಿಲ್ದಾಣದಲ್ಲಿ ನಮ್ಮ ರೈಲು ಹಿಡಿದೆವು. ಹಗಲು ಹೊತ್ತಾದ್ದರಿಂದ ಎದುರುಬದುರು ಕೂರಲು ಜಾಗವಿತ್ತು. ನದಿ ದಾಟುವಾಗ ಇವರು ಇದ್ದಕ್ಕಿದ್ದಂತೆ, “ಊಟ ಆದಮೇಲೆ ನಾನು ಲಾ ದೆಫಾನ್ಸ್‌ನ ಆಫೀಸಿನಿಂದ ಸೇತುವೆ ತನಕ ನಡೀತೀನಿ, ಗೊತ್ತಾ?” ಅಂದರು. ಗೊತ್ತಿರಲಿಲ್ಲ. ಒಬ್ಬರೇ ಹೋಗುತ್ತಾರಂತೆ, ಸೇತುವೆಯ ಮೇಲೆ ನಿಂತು ಸೇನ್ ನದಿಯ ದೋಣಿಗಳನ್ನು ನೋಡುತ್ತಾರಂತೆ. ಅಪ್ಪ ತೀರಿಕೊಂಡ ವರ್ಷದಿಂದ ಶುರುವಾದದ್ದಂತೆ. ಸಂಜೆ ಮನೆಗೆ ಬಂದಾಗ ಮಕ್ಕಳ ಹೋಮ್‌ವರ್ಕ್, ನನ್ನ ಅಡುಗೆ, ಇದರ ನಡುವೆ ಹೇಳುವಂಥದ್ದು ಅದಲ್ಲ ಅನ್ನಿಸಿತ್ತಂತೆ.

ನಾನೂ ಹೇಳಿದೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಎರಡು ಗಂಟೆಯಾದರೆ ತವರೂರಲ್ಲಿ ದೀಪ ಹಚ್ಚುವ ಹೊತ್ತು. ಆ ಹೊತ್ತಿಗೆ ನನಗೆ ಈ ಮನೆಯಲ್ಲಿ ಕೂರಲಾಗುವುದಿಲ್ಲ. ಇಲ್ಲಿನ ಗ್ರಂಥಾಲಯಕ್ಕೆ ಹೋಗಿ ಮಕ್ಕಳ ವಿಭಾಗದ ಸಣ್ಣ ಕುರ್ಚಿಯಲ್ಲಿ ಕೂತು ಫ್ರೆಂಚ್ ಕಥೆ ಓದುತ್ತೇನೆ. ಅಲ್ಲಿನ ಹೆಂಗಸಿಗೆ ನನ್ನ ತವರಿನ ವಿಷಯ ಎಷ್ಟೊಂದು ಗೊತ್ತಿದೆ. ಇವರಿಗೆ ಹೇಳದೇ ಇದ್ದದ್ದೂ ಅವರಿಗೆ ಗೊತ್ತಿದೆ. ಇದನ್ನು ಕೇಳಿ ಇವರಿಗೆ ಸ್ವಲ್ಪ ನೋವಾಯಿತು. ಮುಖದಲ್ಲಿ ಕಾಣಿಸಿತು, ಮುಚ್ಚಿಕೊಳ್ಳಲಿಲ್ಲ. “ಏನು ಹೇಳಿದ್ದೆ ಅವರಿಗೆ?” ಅಂತ ಕೇಳಿದರು. ನಮ್ಮ ನಿಲ್ದಾಣ ಬರುವವರೆಗೆ ಹೇಳುತ್ತಲೇ ಇದ್ದೆ, ಉಳಿದದ್ದನ್ನು ಶಾಲೆಯ ಗೇಟಿನ ತನಕ ನಡೆಯುತ್ತಾ ಹೇಳಿದೆ.

ಎಲೆನ್ ವಿಷಯದಲ್ಲಿ ಮಾತ್ರ ಇವತ್ತಿಗೂ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಗಂಡ ಬಂದನೆಂಬ ನೆಮ್ಮದಿಗೆ ಅತ್ತಳು ಅನ್ನುತ್ತಾರೆ ಇವರು. ನಾನು ಅನ್ನುವುದು ಬೇರೆ: ಅವನು ಕೊನೆಗೂ ಬಾಯಿ ತೆರೆದ, ಇನ್ನು ತಾನೂ ತೆರೆಯಬೇಕಾಗುತ್ತದಲ್ಲ ಎಂದು ಅತ್ತಳು.