ಉಬ್ಬರದ ಪಟ್ಟಿಯ ಪಕ್ಕದಲ್ಲಿ ಬಗ್ಗೋಣ ಪಂಚಾಂಗ

ಮೂರು ದಿನದ ಪ್ರವಾಸವೊಂದನ್ನು ಗೊತ್ತುಮಾಡಿಕೊಳ್ಳಲು ನಮ್ಮ ಮನೆಯಲ್ಲಿ ಮೂರು ವಾರ ಹಿಡಿಯಿತು. ಇಂಗ್ಲೆಂಡಿನಲ್ಲಿ ನಾವು ಹೋಗಬೇಕೆಂದಿರುವ ಊರು ವಿಟ್‌ಬಿ. ಲೀಡ್ಸ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಎಸ್ಕ್ ಎಂಬ ಸಣ್ಣ ನದಿಯು ಉತ್ತರ ಸಮುದ್ರವನ್ನು ಸೇರುವ ಜಾಗದಲ್ಲಿ, ನದಿಯ ಎರಡೂ ದಡದ ಗುಡ್ಡಗಳಿಗೆ ಅಂಟಿಕೊಂಡಿರುವ ಹಳೆಯ ಬಂದರು. ಪ್ರವಾಸಕ್ಕೆ ಕಾರಣವಾದವಳು ಕುಮಟೆಯಿಂದ ಬಂದಿರುವ ನನ್ನ ಆಯಿ, ಅಂದರೆ ಅಮ್ಮ. ಎರಡು ತಿಂಗಳಿಂದ ಅವಳು ನೋಡಿದ್ದೆಂದರೆ ನಮ್ಮ ಹಿತ್ತಿಲ ಬೇಲಿ, ಮಗಳ ಶಾಲೆಯ ಗೇಟು ಮತ್ತು ವಾರದ ಸಂತೆಯಷ್ಟೇ. ಸಮುದ್ರದ ಸೀಮೆಯಿಂದ ಬಂದವಳಿಗೆ ಸಮುದ್ರವನ್ನೇ ತೋರಿಸೋಣ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಹೋಗುವ ವಾರವನ್ನು ಆರಿಸುವ ಸ್ವಾತಂತ್ರ್ಯ ನಮಗಿರಲಿಲ್ಲ. ಇಲ್ಲಿ ಶಾಲೆ ನಡೆಯುವ ದಿನಗಳಲ್ಲಿ ಅನುಮತಿಯಿಲ್ಲದೆ ಐದು ದಿನ ಮಗುವನ್ನು ತಪ್ಪಿಸಿದರೆ ತಂದೆಗೆ 80 ಪೌಂಡ್, ತಾಯಿಗೆ ಬೇರೆಯಾಗಿ 80 ಪೌಂಡ್ ದಂಡ ಬೀಳಬಹುದು. ಹೀಗಾಗಿ ಉಳಿದದ್ದು ಮೇ ಕೊನೆಯ ವಾರದ ರಜೆ. ಆ ವಾರದೊಳಗೆ ಯಾವ ಮೂರು ದಿನ ಎಂಬುದನ್ನು ನಾನು ಕೋಣೆಯ ಬಾಡಿಗೆ ನೋಡಿ ನಿರ್ಧರಿಸುವವನಿದ್ದೆ. ಆದರೆ ಪಕ್ಕದ ಮನೆಯ ಅಜ್ಜಿ ಅದಕ್ಕೆ ಅಡ್ಡಬಂದರು.

ಅವರು ವಿಟ್‌ಬಿಯ ಮೀನುಗಾರರ ಮನೆಯಲ್ಲಿ ಹುಟ್ಟಿದವರು. ಅವರ ತಂದೆ ಕೋಬಲ್ ಎಂದು ಕರೆಯುವ, ಮರಳ ದಂಡೆಯಿಂದಲೇ ನೀರಿಗೆ ಇಳಿಸಬಹುದಾದ ದೋಣಿಯನ್ನು ನಡೆಸುತ್ತಿದ್ದರಂತೆ. ನಮ್ಮ ಯೋಜನೆಯನ್ನು ಕೇಳಿದವರೇ, "ಮೊದಲು ಉಬ್ಬರವಿಳಿತದ ಪಟ್ಟಿ ನೋಡಿ, ಆಮೇಲೆ ಕೋಣೆ ಹುಡುಕಿ" ಎಂದರು. ಆ ತೀರದಲ್ಲಿ ಕಡಲು ಸುಮ್ಮನೆ ಏರಿಳಿಯುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ನಾಲ್ಕೂವರೆ ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಅದು ಒಂದೂವರೆ, ಎರಡು ಮೀಟರ್ ಇದ್ದರೆ ಹೆಚ್ಚು. ವಿಟ್‌ಬಿಯ ದಕ್ಷಿಣಕ್ಕಿರುವ ರಾಬಿನ್ ಹುಡ್ಸ್ ಬೇ ಎಂಬ ಹಳ್ಳಿಯ ದಂಡೆಯಲ್ಲಿ ನೀರು ಇಳಿದಾಗ ಬಂಡೆಯ ಹಾಸುಗಳ ಮೇಲೆ ದೂರದವರೆಗೆ ನಡೆದು ಹೋಗಬಹುದು, ಸುರುಳಿಯಾಕಾರದ ಪಳೆಯುಳಿಕೆಗಳನ್ನು ಹುಡುಕಬಹುದು. ಹೊತ್ತು ಮರೆತರೆ, ಹಿಂದೆ ಕಡಿದಾದ ಗುಡ್ಡ, ಮುಂದೆ ಏರುವ ನೀರು, ನಡುವೆ ನಾವು. ಇಷ್ಟು ಹೇಳಿ ಅವರು ತಮ್ಮ ಊರಿನ 1861ರ ಕತೆಯನ್ನು, ನಿನ್ನೆ ನಡೆದುದರಂತೆ ಹೇಳಿದರು: ಫೆಬ್ರವರಿ 9ರ ಬಿರುಗಾಳಿಯಲ್ಲಿ ಹಡಗುಗಳಲ್ಲಿ ಸಿಕ್ಕಿಕೊಂಡವರನ್ನು ಉಳಿಸಲು ಮತ್ತೆ ಮತ್ತೆ ಹೊರಟ ರಕ್ಷಣಾ ದೋಣಿಯು ಕೊನೆಗೆ ಮಗುಚಿ, ಹದಿಮೂರು ಮಂದಿಯಲ್ಲಿ ಹನ್ನೆರಡು ಮಂದಿ ಸತ್ತರು, ಆಗಷ್ಟೇ ಬಂದಿದ್ದ ಬೆಂಡಿನ ಹೊಸ ಜಾಕೆಟ್ ತೊಟ್ಟಿದ್ದ ಹೆನ್ರಿ ಫ್ರೀಮನ್ ಒಬ್ಬನೇ ಬದುಕಿದ. ಇಂದಿಗೂ ಇಲ್ಲಿಯ ರಕ್ಷಣಾ ದೋಣಿಗಳು 1824ರಲ್ಲಿ ಹುಟ್ಟಿದ ದತ್ತಿ ಸಂಸ್ಥೆಯೊಂದರವು. ಅವುಗಳಲ್ಲಿ ಹೋಗುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಊರವರು.

ಅವರು ಹೇಳುತ್ತಿದ್ದಂತೆ ನನ್ನ ಮನಸ್ಸು ಮುರುಡೇಶ್ವರಕ್ಕೆ ಹೋಗಿತ್ತು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಸಮುದ್ರದ ಸ್ವಭಾವವನ್ನು ಬಸ್ಸು ಹೊರಡುವ ಮೊದಲು ಯಾರಾದರೂ ಹತ್ತು ನಿಮಿಷ ಕೂರಿಸಿ ಹೇಳುವ ಪದ್ಧತಿ ನಮ್ಮಲ್ಲಿ ಏಕೆ ಬೆಳೆಯಲಿಲ್ಲ ಎಂದು ಆಗಲೂ ಅನ್ನಿಸಿತ್ತು. ಗೊತ್ತಿರುವವರು ನಮ್ಮಲ್ಲಿ ಇಲ್ಲದಿಲ್ಲ, ಅವರನ್ನು ಕೇಳುವವರಿಲ್ಲ. ಈ ಮಾತನ್ನು ಇಷ್ಟು ಖಚಿತವಾಗಿ ಬರೆಯಲು ಕಾರಣ, ಅಂಥವರೊಬ್ಬರು ನಮ್ಮ ಅಡುಗೆಮನೆಯಲ್ಲೇ ಕುಳಿತಿದ್ದರೂ ನಾನೂ ಅವರನ್ನು ಕೇಳಿರಲಿಲ್ಲ.

ನಾನು ಪಟ್ಟಿಯನ್ನು ಮುದ್ರಿಸಿ ಫ್ರಿಜ್ ಮೇಲೆ ಅಂಟಿಸಿದ ಸಂಜೆ ಆಯಿ ಕನ್ನಡಕ ಹಾಕಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ತನ್ನ ಪೆಟ್ಟಿಗೆಯಿಂದ ನಮ್ಮ ಕಡೆಯ ಬಗ್ಗೋಣ ಪಂಚಾಂಗವನ್ನು ತಂದಳು. ಇಂಗ್ಲೆಂಡಿಗೆ ಪಂಚಾಂಗ ಏಕೆ ಎಂದು ಹೊರಡುವಾಗ ನಾನೇ ಹಾಸ್ಯ ಮಾಡಿದ್ದೆ. ಅವಳ ತವರುಮನೆ ಇರುವುದು ಅಘನಾಶಿನಿಯ ಅಳಿವೆಯ ಬದಿಯಲ್ಲಿ. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗದ ಭತ್ತವನ್ನು ಬೆಳೆಯುತ್ತಾರೆ; ಹೊಳೆಯ ನೀರು ಏರುವಾಗ ಒಡ್ಡಿನ ಬಾಗಿಲನ್ನು ಹಾಕಬೇಕು, ಇಳಿಯುವಾಗ ತೆಗೆಯಬೇಕು, ಅದೂ ನಡುರಾತ್ರಿಯಾದರೂ ಸರಿ. ಆದ್ದರಿಂದ ಅವಳ ಅಪ್ಪನಿಗೆ, ಅಂದರೆ ನನ್ನ ಅಜ್ಜನಿಗೆ, ತಿಥಿಯೇ ಗಡಿಯಾರವಾಗಿತ್ತು. ಅಮಾವಾಸ್ಯೆ, ಹುಣ್ಣಿಮೆಗಳಂದು ಹನ್ನೆರಡಕ್ಕೆ ನೀರು ತುಂಬುತ್ತದೆ, ಆಮೇಲೆ ತಿಥಿಗೆ ಮುಕ್ಕಾಲು ಗಂಟೆಯಂತೆ ಮುಂದೆ ಹೋಗುತ್ತದೆ, ಅಷ್ಟಮಿಗೆ ಆರು ಗಂಟೆ, ಅಂದು ಏರಿಳಿತವೂ ಸಣ್ಣದು: ಇದು ಅವನ ಸೂತ್ರ. ಕರಾರುವಾಕ್ಕಾದ ಲೆಕ್ಕವಲ್ಲ, ಆದರೆ ಒಡ್ಡಿನ ಬಾಗಿಲು ಹಾಕಲು ಸಾಕಾಗುವಷ್ಟು ಸರಿಯಾದುದು. ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕುವ ಹೆಂಗಸರೂ ಇದೇ ಲೆಕ್ಕದಲ್ಲಿ ಹೊಳೆಗೆ ಇಳಿಯುತ್ತಿದ್ದರಂತೆ.

ಆಯಿಯ ಲೆಕ್ಕ ವಿಟ್‌ಬಿಗೆ ಹೊಂದಲಿಲ್ಲ. ನಾಲ್ಕು ಗಂಟೆಗೂ ಹೆಚ್ಚು ವ್ಯತ್ಯಾಸ ಬಂತು. ಒಂದೇ ಚಂದ್ರನಾದರೂ ಪ್ರತಿ ಬಂದರಿಗೂ ನೀರು ಬಂದು ತಲುಪುವ ಹೊತ್ತು ಬೇರೆ ಎಂದು ನಾನು ವಿವರಿಸಲು ಹೊರಟೆ. ಅವಳಿಗೆ ಅದರ ಅಗತ್ಯವಿರಲಿಲ್ಲ. ಎರಡು ಮೂರು ದಿನಗಳ ಸಾಲುಗಳನ್ನು ಹೋಲಿಸಿ, ತಡವಾಗುವ ಕ್ರಮ ಒಂದೇ ಎಂದು ಕಂಡುಕೊಂಡು, ಆ ವ್ಯತ್ಯಾಸವನ್ನು ಕೂಡಿಸಿ, ಮುಂದಿನ ದಿನಗಳ ಹೊತ್ತನ್ನು ಪಟ್ಟಿ ನೋಡದೆಯೇ ಹೇಳತೊಡಗಿದಳು. ಒಂಬತ್ತು ವರ್ಷದ ಮಗಳು ಪಟ್ಟಿಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾ, ಹತ್ತಿರ ಬಂದಾಗಲೆಲ್ಲ ಚಪ್ಪಾಳೆ ತಟ್ಟಿದಳು. ವೈಶಾಖ ಅಮಾವಾಸ್ಯೆ ಮಂಗಳವಾರ ಮುಗಿಯುತ್ತದೆ, ದೊಡ್ಡ ಇಳಿತ ಅದರ ಮಾರನೆಯ ದಿನಗಳಲ್ಲಿ ಬರುತ್ತದೆ, ಆದ್ದರಿಂದ ಬುಧವಾರ ಹೊರಡಿ ಎಂಬುದು ಆಯಿಯ ತೀರ್ಮಾನ. ಪಕ್ಕದ ಮನೆಯವರು ಬೇಲಿಯಾಚೆಯಿಂದ ಹೇಳಿದ ದಿನವೂ ಅದೇ ಆಗಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಈ ಇಬ್ಬರು ಮುದುಕಿಯರು ಮರುದಿನ ಬೇಲಿಯ ಬಳಿ ನಿಂತು ಪಟ್ಟಿ ಮತ್ತು ಪಂಚಾಂಗಗಳನ್ನು ಜೋಡಿಸಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ನನಗೆ ಆದದ್ದು ಹೆಮ್ಮೆಯೋ ನಾಚಿಕೆಯೋ ಹೇಳುವುದು ಕಷ್ಟ.

ದಿನ ಗೊತ್ತಾದ ಮೇಲೆ ಉಳಿದದ್ದು ಊಟ ಮತ್ತು ಕೋಣೆ. ಊಟದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಗೆ ಬರುವ ನಮ್ಮವರಿಗಾಗಿ ಬರೆದಿಡುತ್ತೇನೆ: ಯಾರ್ಕ್‌ಷರ್‌ನ ಹಲವು ಮೀನಿನ ಅಂಗಡಿಗಳು ಆಲೂಗಡ್ಡೆಯ ಚಿಪ್ಸನ್ನೂ ಕರಿಯುವುದು ದನದ ಕೊಬ್ಬಿನಲ್ಲಿ. ಮೀನು ಬೇಡ, ಚಿಪ್ಸ್ ಸಾಕು ಎಂದು ಸಸ್ಯಾಹಾರಿಗಳು ನೆಮ್ಮದಿಯಿಂದ ತಿನ್ನುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ನಾವು ಅವಲಕ್ಕಿ, ಚಟ್ನಿಪುಡಿಗಳನ್ನು ಒಯ್ಯುವವರಿದ್ದೇವೆ. ಬಂದರಿನಿಂದ ಗುಡ್ಡದ ಮೇಲಿನ ಪಾಳುಬಿದ್ದ ಮಠಕ್ಕೆ ಹೋಗಲು 199 ಮೆಟ್ಟಿಲುಗಳಿವೆ; ಆಯಿಯ ಮಂಡಿಗಾಗಿ ಹಿಂದಿನಿಂದ ಕಾರಿನಲ್ಲಿ ಹೋಗುವ ದಾರಿಯನ್ನು ಗುರುತು ಹಾಕಿಕೊಂಡಿದ್ದೇನೆ.

ಕೋಣೆಯ ಮಾತು ಮಾತ್ರ ಬೇರೆ ದಾರಿ ಹಿಡಿಯಿತು. ಸಮುದ್ರ ಕಾಣುವ ಕೋಣೆಗೆ ರಾತ್ರಿಗೆ ನಲವತ್ತು ಪೌಂಡ್ ಹೆಚ್ಚು ಎಂದು ನಾನು ಹೇಳಿದಾಗ ಆಯಿ, "ಸಮುದ್ರ ನೋಡ್ಲೆ ದುಡ್ಡು ಕೊಡವಾ ತಮಾ?" ಎಂದು ನಕ್ಕಳು. ಮಗಳು ಬಿಡಲಿಲ್ಲ. ಅಜ್ಜಿಗೆ ಈಜು ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂಬ ಉತ್ತರ ಬಂತು. ದಂಡೆಯಲ್ಲಿ ಕೂತು ಆಡುತ್ತಿದ್ದೆಯಾ ಎಂದಳು, ಅದೂ ಇಲ್ಲ. ಸಮುದ್ರಕ್ಕೆ ಹೋಗುತ್ತಿದ್ದುದು ಎಳ್ಳಮಾವಾಸ್ಯೆಯ ಸ್ನಾನಕ್ಕೆ, ಗ್ರಹಣಕ್ಕೆ, ಮತ್ತೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಗಂಡಸರು ಹೋಗುತ್ತಿದ್ದರು ಎಂದು ಆಯಿ ಬೀನ್ಸ್‌ನ ನಾರು ತೆಗೆಯುತ್ತಲೇ ಹೇಳಿದಳು.

"ಹಾಗಾದರೆ ನೀನು ಕೊನೆಯ ಸಲ ಸಮುದ್ರ ನೋಡಿದ್ದು ಯಾವಾಗ, ಅಜ್ಜಿ?"

"ನಿನ್ನ ಅಜ್ಜನ ಅಸ್ಥಿ ಬಿಟ್ಟ ದಿನ."

ಅದು 2021ರ ಮೇ ತಿಂಗಳು. ನಾನು ಊರಿಗೆ ಹೋಗಲಾಗದೆ ಇಲ್ಲಿಯೇ ಉಳಿದಿದ್ದೆ. ಗೋಕರ್ಣದ ದಂಡೆಯಲ್ಲಿ ನನ್ನ ತಮ್ಮನೇ ಎಲ್ಲವನ್ನೂ ಮಾಡಿದ. ಯಾರೋ ಹಿಡಿದ ಫೋನಿನಲ್ಲಿ ನನಗೆ ಕಂಡದ್ದು ಅಲುಗಾಡುವ ಬೂದುಬಣ್ಣದ ನೀರು ಮತ್ತು ತಮ್ಮನ ಬೆನ್ನು. ಆಯಿಯೂ ಬಂದು ದೂರದಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಕುಳಿತಿದ್ದಳೆಂಬುದನ್ನು ನಾಲ್ಕು ವರ್ಷಗಳಲ್ಲಿ ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳು ಸಮುದ್ರದ ಸೀಮೆಯವಳೆಂಬ ಒಂದೇ ಕಾರಣಕ್ಕೆ ಅವಳಿಗೆ ಸಮುದ್ರ ಇಷ್ಟವೆಂದು ನಾನು ಇಲ್ಲಿ ಕುಳಿತು ನಿಶ್ಚಯಿಸಿದ್ದೆ.

ಬಂದರಿನ ಕಡೆಯ ಕೋಣೆಯೇ ಇರಲಿ, ಅಲ್ಲಿಂದ ಹೊಳೆ ಕಾಣುತ್ತದೆ ಎಂದು ಆ ರಾತ್ರಿ ಹೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಳೆಯಾದರೆ ತನಗೆ ಅಭ್ಯಾಸವಿದೆ, ಆದರೆ ಇಳಿತ ಹನ್ನೊಂದರ ಹೊತ್ತಿಗೆ ಬರುತ್ತದೆ, ಆಗ ನೀರು ದೂರ ಹೋಗಿರುತ್ತದೆ, ಮಗುವಿನ ಜೊತೆ ಬಂಡೆಯವರೆಗೆ ಬರುತ್ತೇನೆ ಎಂದಳು. ಹೊಳೆಯ ಕಡೆಯ ಕೋಣೆಗೇ ಹಣ ಕಟ್ಟಿದ್ದೇನೆ.

ಫ್ರಿಜ್ ಮೇಲಿನ ಪಟ್ಟಿಯಲ್ಲಿ ಈಗ ಬುಧವಾರದ ಎದುರು ಪೆನ್ಸಿಲಿನಲ್ಲಿ ಬಿದಿಗೆ, ಗುರುವಾರದ ಎದುರು ತದಿಗೆ ಎಂದು ಬರೆದಿದೆ. ಅದರ ಕೆಳಗೆ ಮಗಳು ಒಯ್ಯಬೇಕಾದ ವಸ್ತುಗಳನ್ನು ಬರೆಯುತ್ತಿದ್ದಾಳೆ. ಕೊನೆಯ ಸಾಲು ಅಜ್ಜಿಯ ಗಂಬೂಟಿನದು. ಅಡಿಕೆ ತೋಟಕ್ಕೆ ಮದ್ದು ಹೊಡೆಯುವವರು ಹಾಕುವುದನ್ನು ತಾನು ಹಾಕಬೇಕೇ ಎಂದು ಆಯಿ ಎರಡು ಬಾರಿ ಕೇಳಿದ್ದಾಳೆ. ಕಾಲಿನ ಅಳತೆಯನ್ನು ಮಾತ್ರ ಕೊಟ್ಟಿದ್ದಾಳೆ.